ಎರಡನೇ ಗಲ್ಲಾದಲ್ಲಿ ಯಾರು ಕೂರುತ್ತಾರೆ?

"ಪಕ್ಕದ ಗಾಳಾ ಖಾಲಿ ಆಗ್ತಾ ಇದೆ ಶೆಟ್ರೇ, ಬೇರೆಯವರಿಗೆ ಹೇಳುವ ಮೊದಲು ನಿಮಗೆ ಹೇಳ್ತಾ ಇದ್ದೇನೆ." ಥಾಣೆ, ಡೊಂಬಿವಲಿ, ಕಲ್ಯಾಣ್ ಸ್ಟೇಷನ್‌ಗಳ ಆಸುಪಾಸಿನಲ್ಲಿ ಸಣ್ಣ ಹೋಟೆಲ್ ನಡೆಸುವ ನಮ್ಮ ಕಡೆಯವರಲ್ಲಿ ಈ ಮಾತನ್ನು ಒಮ್ಮೆಯಾದರೂ ಕೇಳದವರು ಇರಲಿಕ್ಕಿಲ್ಲ. ಹೇಳುವವನು ಏಜೆಂಟ್. ಹೇಳುವ ಹೊತ್ತು ಮಧ್ಯಾಹ್ನ ಮೂರೂವರೆ. ಗಿರಾಕಿ ಕಡಿಮೆಯಾಗಿ, ಗಲ್ಲಾದಲ್ಲಿ ಕೂತವನಿಗೆ ಯೋಚನೆ ಜಾಸ್ತಿಯಾಗುವ ಸಮಯ. ಪಕ್ಕದ ಗಾಳಾ, ಅಂದರೆ ಅಂಗಡಿ ಮಳಿಗೆ, ಅಲ್ಲದಿದ್ದರೆ ಪಲಾವಾ ಟೌನ್‌ಶಿಪ್ಪಿನ ಹೊಸ ಟವರಿನ ಬುಡದಲ್ಲೊಂದು ಅಂಗಡಿ, ಅದೂ ಅಲ್ಲದಿದ್ದರೆ ನವಿಮುಂಬಯಿ ವಿಮಾನ ನಿಲ್ದಾಣದ ಹೆಸರು ಹೇಳಿ ಉಲ್ವೆಯಲ್ಲೊಂದು ಮೂಲೆ. ಅವತ್ತು ಶಟರ್ ಎಳೆದ ಮೇಲೂ ತಲೆಯೊಳಗಿನ ಲೆಕ್ಕ ನಿಲ್ಲುವುದಿಲ್ಲ. ಇಷ್ಟು ವರ್ಷ ಒಂದೇ ಅಂಗಡಿಯಲ್ಲಿ ಕೂತಾಯಿತು, ಜೊತೆಗೆ ಊರು ಬಿಟ್ಟು ಬಂದವನದು ಮೂರು ಆಗಿದೆ, ನಾನೂ ಒಂದು ಹೆಜ್ಜೆ ಮುಂದೆ ಇಡಬೇಡವೇ?

ಬ್ಯಾಂಕಿನವರು, ಲೆಕ್ಕ ಬರೆಯುವವರು, ಮದುವೆ ಮನೆಯಲ್ಲಿ ಸಿಕ್ಕಿದ ನೆಂಟರು ಎಲ್ಲರೂ ಇದಕ್ಕೆ ಕೊಡುವ ಉತ್ತರ ಬಹುಪಾಲು ಒಂದೇ. ಇದ್ದದ್ದು ಚೆನ್ನಾಗಿ ನಡೆಯುತ್ತಿದೆಯಲ್ಲ, ಇನ್ನೊಂದು ಮಾಡಿ. ತೊಡಕು ಹುಟ್ಟುವುದು ಅಲ್ಲೇ. ಇದ್ದ ಅಂಗಡಿ ಯಾಕೆ ಚೆನ್ನಾಗಿ ನಡೆಯುತ್ತಿದೆ ಎಂಬ ಲೆಕ್ಕವನ್ನು ನಾವು ಪೂರ್ತಿ ಹಾಕಿಯೇ ಇರುವುದಿಲ್ಲ.

ಕರಾವಳಿಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ತಾವೇ ಹೋಟೆಲ್ ಇಟ್ಟವರ ಕಥೆ ಓದುಗರಿಗೆ ಹೊಸದಲ್ಲ. ಮಾಟುಂಗಾದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಶಹರದೊಳಗೆ ಜಾಗ ಕೈಗೆ ಎಟುಕದಂತಾದಾಗ ಹಿಂದಿನಿಂದ ಬಂದವರು ಹಳಿ ಹಿಡಿದು ಉತ್ತರಕ್ಕೆ, ಪೂರ್ವಕ್ಕೆ ಸರಿದರು. 1853ರಲ್ಲಿ ಥಾಣೆಗೆ, ಮರುವರ್ಷ ಕಲ್ಯಾಣಿಗೆ ಬಂದ ಆ ರೈಲೇ ಈ ಊರುಗಳ ಪೇಟೆಯನ್ನು ಇವತ್ತಿಗೂ ಆಳುತ್ತಿದೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಕಟ್ಟಿ, ಮಂಜುನಾಥ ವಿದ್ಯಾಲಯ ನಡೆಸುವಷ್ಟು ನಮ್ಮವರು ಇಲ್ಲಿ ಬೇರು ಬಿಟ್ಟಿದ್ದಾರೆ.

ಡೊಂಬಿವಲಿ ಪೂರ್ವದ ಸ್ಟೇಷನ್ ರಸ್ತೆಯ ಇಂಥದೊಂದು ಅಂಗಡಿಯನ್ನು ಬೆಳಿಗ್ಗೆ ಆರೂವರೆಗೆ ನೋಡಬೇಕು. ನಾಲ್ಕೇ ಮೇಜು. ಕೂರುವವರಿಗಿಂತ ನಿಲ್ಲುವವರು ಹೆಚ್ಚು. ಇಡ್ಲಿ ಹಬೆ ಬಿಟ್ಟು ಬರುವುದಕ್ಕೂ ಫಾಸ್ಟ್ ಲೋಕಲ್ ಬರುವುದಕ್ಕೂ ನಡುವೆ ಇರುವ ಕೆಲವು ನಿಮಿಷಗಳಲ್ಲಿ ವ್ಯಾಪಾರ ನಡೆಯಬೇಕು. ಗಲ್ಲಾದಲ್ಲಿರುವವನು ಒಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತಾನೆ, ಇನ್ನೊಂದು ಕೈಯಲ್ಲಿ ಪಾರ್ಸೆಲ್ ಚಟ್ನಿಯ ಗಂಟು ಬಿಗಿದಿದೆಯೇ ಎಂದು ಒತ್ತಿ ನೋಡುತ್ತಾನೆ, ಕಣ್ಣು ಮಾತ್ರ ಒಳಗೆ ಕಾವಲಿಯ ಮೇಲೆ. ಹಿಟ್ಟು ಇವತ್ತು ಸ್ವಲ್ಪ ಹುಳಿ ಹೆಚ್ಚಾಗಿದೆ ಎಂದು ಅವನಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಇಡ್ಲಿ ನಿಲ್ಲಿಸಿ ಉತ್ತಪ್ಪ ಜಾಸ್ತಿ ಹಾಕು ಎಂದು ತುಳುವಿನಲ್ಲಿ ಕೂಗುತ್ತಾನೆ. ರೋಜಿನ ಗಿರಾಕಿ ಉದ್ರಿ ಕೇಳಿದರೆ ಯಾರಿಗೆ ಎಷ್ಟು ಕೊಡಬಹುದು ಎಂಬುದೂ ಅದೇ ತಲೆಯಲ್ಲಿ. ಈ ಮನುಷ್ಯನಿಗೆ ಸಂಬಳ ಎಷ್ಟು ಎಂದು ಕೇಳಿದರೆ ನಗುತ್ತಾನೆ. ನಗುವ ವಿಷಯವಲ್ಲ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ; ನಿಮ್ಮ ಅಂಗಡಿಯವನ್ನು ನೀವೇ ತುಂಬಿಕೊಳ್ಳಿ. ತಿಂಗಳ ವ್ಯಾಪಾರ 6 ಲಕ್ಷ. ಅಕ್ಕಿ, ಉದ್ದು, ಎಣ್ಣೆ, ತರಕಾರಿ, ಹಾಲು ಸೇರಿ ಸಾಮಾನಿಗೆ 2 ಲಕ್ಷ 40 ಸಾವಿರ. ಏಳು ಜನ ಹುಡುಗರ ಸಂಬಳ 1 ಲಕ್ಷ 30 ಸಾವಿರ. ಗ್ಯಾಸು, ಕರೆಂಟು 60 ಸಾವಿರ. ಚಿಲ್ಲರೆ ಖರ್ಚು 46 ಸಾವಿರ. ಬಾಡಿಗೆ, ಹಿಂದೊಮ್ಮೆ ಮುಂಗಡ ಮೊತ್ತ ಕೊಟ್ಟು ಹಿಡಿದ ಪಗಡಿ ಜಾಗವಾದ್ದರಿಂದ, ಬರೀ 4 ಸಾವಿರ. ಉಳಿದದ್ದು 1 ಲಕ್ಷ 20 ಸಾವಿರ. ನೂರಕ್ಕೆ ಇಪ್ಪತ್ತು ಲಾಭ ಎಂದು ಮಾಲೀಕ ಬೀಗುತ್ತಾನೆ. ಎರಡನೇ ಅಂಗಡಿ ಹಾಕಿದರೆ ಇನ್ನೊಂದು 1 ಲಕ್ಷ 20 ಸಾವಿರ ಎಂದು ಅದೇ ಉಸಿರಿನಲ್ಲಿ ಗುಣಿಸಿಬಿಡುತ್ತಾನೆ.

ಈಗ ಅದೇ ಅಂಗಡಿಯನ್ನು ಹೊರಗಿನವನೊಬ್ಬ ಇವತ್ತು ಶುರು ಮಾಡಿದಂತೆ ನೋಡಿ. ಪಗಡಿ ಇಲ್ಲ, ಇವತ್ತಿನ ದರದಲ್ಲಿ ಅಂಥ ಗಾಳೆಗೆ 80 ಸಾವಿರ ಎಂದು ಇಟ್ಟುಕೊಳ್ಳಿ. ಹೆಚ್ಚಾದದ್ದು 76 ಸಾವಿರ. ಗಲ್ಲಾದಲ್ಲಿ ಮಾಲೀಕ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಕೂರುವ ಬದಲು ಇಬ್ಬರು ನಂಬಿಗಸ್ತರು ಪಾಳಿಯಲ್ಲಿ ಕೂರಬೇಕು. ಇಬ್ಬರಿಗೂ ಸೇರಿ 50 ಸಾವಿರಕ್ಕಿಂತ ಕಡಿಮೆಗೆ ಸಿಗಲಾರರು. 1 ಲಕ್ಷ 20 ಸಾವಿರದಿಂದ ಇವೆರಡನ್ನು ಕಳೆದರೆ ಮೈನಸ್ 6 ಸಾವಿರ. ಇನ್ನೂ ಮುಗಿಯಲಿಲ್ಲ. ಅಂಗಡಿ ಬಾಡಿಗೆಯ ಮೇಲೆ ಜಿಎಸ್‌ಟಿ ಶೇ. 18. ಬಟ್ಟೆ ಅಂಗಡಿಯವನಾದರೆ ಅದನ್ನು ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ಸಾಮಾನ್ಯ ಹೋಟೆಲಿನವನಿಗೆ ಆ ದಾರಿ ಇಲ್ಲ. 2017ರ ನವೆಂಬರಿನಿಂದ ಹೋಟೆಲುಗಳಿಗೆ ಶೇ. 5ರ ದರ ಬಂತು, ಜೊತೆಗೆ ಹೂಡುವಳಿ ತೆರಿಗೆಯ ಜಮೆ (ಇನ್‌ಪುಟ್ ಕ್ರೆಡಿಟ್) ಹೋಯಿತು. 80 ಸಾವಿರಕ್ಕೆ 14,400 ರೂಪಾಯಿ ಶುದ್ಧ ಖರ್ಚು. ಮೈನಸ್ 20,400ಕ್ಕೆ ಬಂದು ನಿಂತೆವು.

ಅಂದರೆ ಆ ಇಪ್ಪತ್ತು ಪರ್ಸೆಂಟು ಲಾಭ ದೋಸೆಯದ್ದಲ್ಲ. ಅರ್ಧಕ್ಕಿಂತ ಹೆಚ್ಚು ಹಳೆಯ ಪಗಡಿಯ ಕೃಪೆ, ಉಳಿದದ್ದು ಮಾಲೀಕ ತನಗೇ ಕೊಟ್ಟುಕೊಳ್ಳದ ಸಂಬಳ. ಈ ಎರಡನ್ನೂ ಎರಡನೇ ಅಂಗಡಿಗೆ ಕೊಂಡೊಯ್ಯಲು ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ತಿರುಳು ಇಷ್ಟೇ. ಮೊದಲ ಅಂಗಡಿ ಇವತ್ತಿನ ಬಾಡಿಗೆಯನ್ನೂ ನಿಮ್ಮ ಸಂಬಳವನ್ನೂ ಕೊಟ್ಟು ಇನ್ನೂ ಏನಾದರೂ ಉಳಿಸುತ್ತದೆಯೇ? ಉಳಿಸಿದರೆ ನಿಮ್ಮ ಹತ್ತಿರ ಬೆಳೆಸಬಹುದಾದ ವ್ಯಾಪಾರ ಇದೆ. ಇಲ್ಲದಿದ್ದರೆ ಇರುವುದು ಒಳ್ಳೆಯ ಒಂದು ಜಾಗ ಮತ್ತು ಒಳ್ಳೆಯ ಒಂದು ನೌಕರಿ.

ಪಗಡಿಯ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಯಾಕೆಂದರೆ ಹಳೆಯ ಪೇಟೆಯ ಅಂಗಡಿಕಾರನ ಧೈರ್ಯವೆಲ್ಲ ಅದರ ಮೇಲೇ ನಿಂತಿದೆ. ಮೊದಲು ಕದ್ದುಮುಚ್ಚಿ ನಡೆಯುತ್ತಿದ್ದ ಈ ವ್ಯವಹಾರಕ್ಕೆ ಕಾನೂನಿನ ಮಾನ್ಯತೆ ಕೊಟ್ಟದ್ದು 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999. ಅದರಡಿ ಬಾಡಿಗೆ ವರ್ಷಕ್ಕೆ ಶೇ. 4ರಷ್ಟೇ ಏರಬಹುದು. ಆದರೆ ಕಾಯ್ದೆ ಬಾಡಿಗೆದಾರನನ್ನು ಕಾಯುತ್ತದೆ, ಕಟ್ಟಡವನ್ನಲ್ಲ. ಥಾಣೆಯ ನೌಪಾಡಾ, ಡೊಂಬಿವಲಿಯ ಹಳೇ ಬೀದಿಗಳ ಕಟ್ಟಡಗಳಿಗೆ ವಯಸ್ಸಾಗಿದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತವೆ. 2015ರಲ್ಲಿ ಠಾಕುರ್ಲಿಯಲ್ಲಿ ಕಟ್ಟಡವೇ ಕುಸಿದು ಜನ ಸತ್ತರು. ಪುನರಾಭಿವೃದ್ಧಿಗೆ ಹೋದರೆ ಗಾಳಾ ಮತ್ತೆ ಸಿಗುವವರೆಗೆ ವರ್ಷಗಟ್ಟಲೆ ಗಲ್ಲಾ ಖಾಲಿ. ಅಂಥ ನೋಟಿಸ್ ಬರುವ ಲಕ್ಷಣ ಇರುವ ಕಟ್ಟಡದಲ್ಲಿ ಕೂತವನು ಎರಡನೇ ಜಾಗ ನೋಡುವುದು ದುರಾಸೆಯಲ್ಲ, ಮುಂಜಾಗ್ರತೆ. ಅವನಿಗೆ ಮೇಲಿನ ಲೆಕ್ಕ ಸ್ವಲ್ಪ ಸಡಿಲವಾಗಿ ಅನ್ವಯಿಸುತ್ತದೆ.

ಹೊಸ ಜಾಗ ಇಂದು ಪಗಡಿಯಲ್ಲಿ ಸಿಗುವುದು ಅಪರೂಪ. ಸಿಗುವುದು ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿ. ಸಾಮಾನ್ಯವಾಗಿ ಹೆಚ್ಚೆಂದರೆ 60 ತಿಂಗಳು, ವರ್ಷ ವರ್ಷ ಏರುವ ಬಾಡಿಗೆ, ಮುಂಗಡ ಡಿಪಾಸಿಟ್. ಅವಧಿ ಮುಗಿದರೆ ಜಾಗ ಬಿಡಬೇಕು. ಈಗ ಬ್ಯಾಂಕಿನ ಕಡೆ ತಿರುಗಿ. ಡಿಪಾಸಿಟ್, ಅಡುಗೆಮನೆ, ಎಕ್ಸಾಸ್ಟ್, ಮೇಜು-ಕುರ್ಚಿ, ಬೋರ್ಡು ಎಲ್ಲ ಸೇರಿ 20 ಲಕ್ಷ ಸಾಲ ಎನ್ನಿ. ಮುದ್ರಾ ಯೋಜನೆಯಲ್ಲಿ ಇಷ್ಟು ದೊಡ್ಡ ಮೊತ್ತ ಸಿಗುವುದು ಅದೇ ಯೋಜನೆಯ ‘ತರುಣ್’ ದರ್ಜೆಯ ಹಿಂದಿನ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಮಾತ್ರ. ಶೇ. 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 43,500. ಐದು ವರ್ಷ, ಅಂದರೆ 60 ತಿಂಗಳು. ಸಾಲ ತೀರುವ ತಿಂಗಳೇ ಕರಾರೂ ತೀರುತ್ತದೆ. ಅಡುಗೆಮನೆ ನಿಮ್ಮ ಸ್ವಂತದ್ದಾಗುವ ದಿನ ಜಾಗ ನಿಮ್ಮದಲ್ಲ. ಗೋಡೆಗೆ ಹಚ್ಚಿದ ಟೈಲ್ಸ್ ಯಾರೂ ಕಿತ್ತು ತರುವುದಿಲ್ಲ. ಇದು ಗೊತ್ತಿರುವ ಜಾಗದ ಮಾಲೀಕ ಆರನೇ ವರ್ಷಕ್ಕೆ ಎಷ್ಟು ಕೇಳುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ. ನವೀಕರಣದ ಹಕ್ಕು, ಏರಿಕೆಯ ದರ, ಇವೆರಡನ್ನು ಕರಾರಿನಲ್ಲೇ ಬರೆಸದೆ ಸಾಲಕ್ಕೆ ಕೈ ಹಾಕುವುದು ನನ್ನ ದೃಷ್ಟಿಯಲ್ಲಿ ಹುಂಬತನ.

ಇನ್ನು ಜಾಗದ ವಿಷಯ. ಸ್ಟೇಷನ್ ಪೇಟೆಯ ಅಂಗಡಿಯವನು ಕಾಲೊನಿಗೆ ಹೋಗಿ ಸೋಲುವುದು ಅಡುಗೆ ಕೆಟ್ಟು ಅಲ್ಲ. ಸ್ಟೇಷನ್ ಬದಿ ಜನ ಹದಿನೈದು ನಿಮಿಷದಲ್ಲಿ ತಿಂದು ಹೋಗುತ್ತಾರೆ, ವಾರದ ಆರು ದಿನವೂ ಬರುತ್ತಾರೆ, ಇಡ್ಲಿ-ವಡೆ ಬಿಟ್ಟರೆ ಬೇರೆ ಕೇಳುವುದಿಲ್ಲ. ಪಲಾವಾದಲ್ಲೋ ಖಾರ್ಘರ್‌ನಲ್ಲೋ ಗಿರಾಕಿ ಬರುವುದು ಭಾನುವಾರ ಸಂಜೆ, ಮನೆಮಂದಿಯ ಜೊತೆ. ಎಸಿ ಬೇಕು, ಗಾಡಿ ನಿಲ್ಲಿಸಲು ಜಾಗ ಬೇಕು, ಮಗುವಿಗೆ ನೂಡಲ್ಸ್, ಅಜ್ಜಿಗೆ ಉಪ್ಪಿಟ್ಟು, ಉಳಿದವರಿಗೆ ಪನೀರ್ ಬೇಕು. ಮಂಗಳವಾರ ಮಧ್ಯಾಹ್ನ ನೊಣ ಹೊಡೆಯಬೇಕು. ಭಟ್ರೇ ಬೇರೆ, ಮೆನುವೇ ಬೇರೆ, ವ್ಯಾಪಾರವೇ ಬೇರೆ. ಮನೆ-ಮನೆಗೆ ತಲುಪಿಸುವ ಆ್ಯಪ್‌ಗಳು ಆ ಮಂಗಳವಾರವನ್ನು ತುಂಬಿಸಬಹುದು, ಆದರೆ ಅವರ ಕಮಿಷನ್ ಕಳೆದು ಬಿಲ್ಲಿನಲ್ಲಿ ಏನು ಉಳಿಯುತ್ತದೆಂದು ಮೊದಲೇ ನೋಡಿಕೊಳ್ಳಿ.

ವಿಮಾನ ನಿಲ್ದಾಣದ ಮಾತೂ ಹೀಗೆಯೇ. ನವಿಮುಂಬಯಿ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ, ಡಿಸೆಂಬರ್ 25ರಿಂದ ವಿಮಾನಗಳು ಹಾರತೊಡಗಿದವು. ಆದರೆ ಉಲ್ವೆಯ ಅಂಗಡಿ ಬಾಡಿಗೆಯಲ್ಲಿ ವಿಮಾನ ಎಷ್ಟೋ ವರ್ಷ ಮೊದಲೇ ಹಾರಿತ್ತು. ಜನಸಂದಣಿಗಿಂತ ಬಾಡಿಗೆ ಮೊದಲು ಏರುವ ಕಡೆ ಸಣ್ಣವನು ಹೋಗಬಾರದು. ಕಾಯುವ ಶಕ್ತಿ ಇರುವ ದೊಡ್ಡ ಕಂಪನಿ ಹೋಗಲಿ.

ಎರಡು ಅಂಗಡಿಗಳ ನಡುವಿನ ದೂರವನ್ನು ಜನ ಮರೆಯುತ್ತಾರೆ. ಡೊಂಬಿವಲಿಯಿಂದ ವಾಶಿಗೆ ಲೋಕಲ್‌ನಲ್ಲಿ ಹೋಗಬೇಕಾದರೆ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯಬೇಕು. ರಸ್ತೆಯಲ್ಲಾದರೆ ಶಿಲ್‌ಫಾಟಾದ ಟ್ರಾಫಿಕ್ಕು, ಅದನ್ನು ಬಲ್ಲವರಿಗೆ ಹೇಳಬೇಕಿಲ್ಲ. ಆಡಳಿತವೂ ಒಂದಲ್ಲ. ಥಾಣೆಗೆ ಒಂದು ಪಾಲಿಕೆ, ಕಲ್ಯಾಣ್-ಡೊಂಬಿವಲಿಗೆ ಇನ್ನೊಂದು, ವಾಶಿ-ನೆರೂಳಿಗೆ ಮತ್ತೊಂದು. ಖಾರ್ಘರ್ ಎಂದರೆ ನವಿಮುಂಬಯಿ ಎಂದುಕೊಂಡು ಹೋದವನಿಗೆ ಅದು ಪನ್ವೇಲ್ ಪಾಲಿಕೆಯದೆಂದು ಆಮೇಲೆ ತಿಳಿಯುತ್ತದೆ. ಆಹಾರ ಲೈಸೆನ್ಸ್ ಪ್ರತಿ ಜಾಗಕ್ಕೂ ಬೇರೆ, ಅಗ್ನಿಶಾಮಕದ ಕಾಗದ ಬೇರೆ.

ಸ್ಟೇಷನ್ ಬದಿಯೇ ಇರಲಿ ಎಂದರೂ ಕಣ್ಣು ತೆರೆದಿರಬೇಕು. ಒಂದು ಹೊಸ ಪಾದಚಾರಿ ಸೇತುವೆ ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಬೀದಿಯ ಭಾಗ್ಯ ತಿರುಗುತ್ತದೆ. ಥಾಣೆ ಪಶ್ಚಿಮದಲ್ಲಿ ಬಸ್ಸುಗಳಿಗಾಗಿ ಮೇಲ್ಸೇತುವೆಯಂಥ ಡೆಕ್ ಕಟ್ಟಿದ ಮೇಲೆ ರೈಲು ಇಳಿದವರು ಮೇಲಿನಿಂದಲೇ ಬಸ್ ಹತ್ತಬಹುದು. ಕೆಳಗಿನ ಅಂಗಡಿಗೆ ಆ ಕಾಲುಗಳು ಸಿಗುವುದಿಲ್ಲ. 2017ರಲ್ಲಿ ಎಲ್ಫಿನ್‌ಸ್ಟನ್ ರೋಡ್ ಸೇತುವೆಯ ಕಾಲ್ತುಳಿತದ ನಂತರ ಬೊಂಬಾಯಿ ಹೈಕೋರ್ಟು ಸ್ಟೇಷನ್‌ನಿಂದ 150 ಮೀಟರಿನೊಳಗೆ ಫೇರಿವಾಲರು, ಅಂದರೆ ಬೀದಿ ವ್ಯಾಪಾರಿಗಳು, ಇರಬಾರದೆಂದಿತು. ಅದರಿಂದ ಪಕ್ಕಾ ಅಂಗಡಿಯವರಿಗೆ ಲಾಭ ಎಂದು ಆಗ ಹಲವರು ಹಿಗ್ಗಿದರು. ಆದೇಶ ಕಾಗದದಲ್ಲಿದೆ, ಬೀದಿ ಹೇಗಿದೆ ಎಂದು ಸಂಜೆ ಏಳಕ್ಕೆ ಕಲ್ಯಾಣಿನಲ್ಲಿ ಇಳಿದವರಿಗೆ ಗೊತ್ತು.

ಜನರ ಲೆಕ್ಕಕ್ಕೆ ಬರೋಣ. ಮೊದಲ ಅಂಗಡಿಯಲ್ಲಿ ಏಳು, ಎರಡನೆಯದರಲ್ಲಿ ಐದು ಎಂದಾದರೆ ಹತ್ತರ ಗಡಿ ದಾಟಿತು. ಇಎಸ್‌ಐ ಬಂತು, ಮಾಲೀಕನ ಪಾಲು ಸಂಬಳದ ಶೇ. 3.25. ಇಪ್ಪತ್ತು ಮುಟ್ಟಿದರೆ ಪಿಎಫ್. ಎರಡು ಬೇರೆ ಅಂಗಡಿ, ಎರಡು ಬೇರೆ ಲೆಕ್ಕ ಎಂದು ವಾದಿಸಿ ಪ್ರಯೋಜನವಿಲ್ಲ. ಶಾಖೆಗಳೆಲ್ಲ ಸೇರಿ ಒಂದೇ ಸಂಸ್ಥೆ ಎಂದು ಪಿಎಫ್ ಕಾನೂನು ಎಣಿಸುತ್ತಾ ಬಂದಿದೆ. ಜಿಎಸ್‌ಟಿ ಕಾಂಪೊಸಿಷನ್‌ನ ಒಂದೂವರೆ ಕೋಟಿ ಮಿತಿಯೂ ಹಾಗೆಯೇ, ಒಂದು ಪ್ಯಾನ್‌ನ ಅಂಗಡಿಗಳೆಲ್ಲ ಕೂಡಿ. ಇದನ್ನು ಸರಕಾರದ ಕಿರುಕುಳ ಎಂದು ಗೊಣಗುವವರನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಹುಡುಗರಿಗೆ ಕೊಡಬೇಕಾದ್ದನ್ನು ಕೊಡದೆ ಉಳಿಸಿದ ದುಡ್ಡನ್ನು ಇಷ್ಟು ದಿನ ಲಾಭದ ಕಲಮಿನಲ್ಲಿ ಬರೆದುಕೊಂಡದ್ದು ನಾವು. ಆ ಹುಡುಗರೂ ಈಗ ಕುಂದಾಪುರ, ಕಾರ್ಕಳದವರಲ್ಲ. ಮತ್ಸ್ಯಗಂಧಾ ರೈಲು ಹತ್ತಿ ಬಂದು ಥಾಣೆಯಲ್ಲಿ ಇಳಿಯುತ್ತಿದ್ದ ಹುಡುಗರ ಜಾಗದಲ್ಲಿ ಇಂದು ಒಡಿಶಾ, ಬಿಹಾರ, ಬಂಗಾಳ, ನೇಪಾಳದವರಿದ್ದಾರೆ. ಒಳ್ಳೆಯ ಕೆಲಸಗಾರರು. ಆದರೆ ಊರಿನ ಪರಿಚಯ, ಅಪ್ಪ-ಅಮ್ಮನ ಗುರುತು ಎಂಬ ಹಳೆಯ ಜಾಮೀನು ಈಗ ಇಲ್ಲ.

ಹಾಗಾದರೆ ಎರಡನೇ ಗಲ್ಲಾದಲ್ಲಿ ಯಾರು? ಮಗ ಐರೋಲಿಯ ಐಟಿ ಪಾರ್ಕಿನಲ್ಲಿ, ಮಗಳು ಬೆಂಗಳೂರಿನಲ್ಲಿ. ಭಾವಮೈದುನನನ್ನು ಕೂರಿಸಿದರೆ ವರ್ಷದೊಳಗೆ ಮನೆಯಲ್ಲಿ ಮಾತು ನಿಲ್ಲುತ್ತದೆ. ಇದಕ್ಕೆ ನಮ್ಮ ಹೋಟೆಲಿಗರು ಕಂಡುಕೊಂಡ ಉಪಾಯ ಕಂಡಕ್ಟ್. ಹೋಟೆಲನ್ನು ಪಾತ್ರೆ-ಪಡಗ, ಲೈಸೆನ್ಸ್ ಸಮೇತ ಬೇರೊಬ್ಬನಿಗೆ ನಡೆಸಲು ಕೊಡುವುದು, ತಿಂಗಳಿಗೆ ಇಂತಿಷ್ಟು ಎಂದು ಎಣಿಸಿಕೊಳ್ಳುವುದು. ಮಾಲೀಕನಿಗೆ ನೆಮ್ಮದಿ, ಎಷ್ಟೋ ವೇಟರ್‌ಗಳಿಗೆ ಮಾಲೀಕರಾಗುವ ಮೊದಲ ಮೆಟ್ಟಿಲು. ಆದರೆ ಬೋರ್ಡಿನ ಮೇಲಿನ ಹೆಸರು ನಿಮ್ಮದೇ, ಸಾಂಬಾರು ಇನ್ನೊಬ್ಬನದು. ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ಕೋರ್ಟಿನ ಕರೆಯೂ ನಿಮಗೇ. ಕರಾರು ಜಾಗದ್ದಲ್ಲ, ವ್ಯಾಪಾರ ನಡೆಸುವುದರದ್ದು ಎಂದು ವಕೀಲರ ಕೈಯಲ್ಲಿ ಸ್ಪಷ್ಟವಾಗಿ ಬರೆಸಬೇಕು.

ಬೆಳೆದವರ ಉದಾಹರಣೆ ಕೊಡುವವರು ವಿಠ್ಠಲ ಕಾಮತರ ಹೆಸರು ತೆಗೆಯುತ್ತಾರೆ. ಇಡ್ಲಿಯಿಂದ ಆರ್ಕಿಡ್ ಹೋಟೆಲಿಗೆ ನಡೆದದ್ದನ್ನು ಅವರು ಮರಾಠಿಯಲ್ಲಿ ಬರೆದೂ ಇದ್ದಾರೆ. ಬೀಗ ಬಿದ್ದ ಎರಡನೇ ಅಂಗಡಿಗಳವರು ಆತ್ಮಕಥೆ ಬರೆಯುವುದಿಲ್ಲ, ಹಾಗಾಗಿ ಆ ಸಂಖ್ಯೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಈ ಪ್ರದೇಶದಲ್ಲೇ ಕಲಿಯಲು ಬೇಕಾದಷ್ಟಿದೆ. ಗೋಲಿ ವಡಾಪಾವ್ ಮೊದಲ ಅಂಗಡಿ ತೆರೆದದ್ದು 2004ರಲ್ಲಿ, ಕಲ್ಯಾಣಿನಲ್ಲಿ. ನೂರಾರು ಅಂಗಡಿಗೆ ಬೆಳೆದದ್ದು ಕೈಯಲ್ಲಿ ಕಟ್ಟುವ ವಡೆ ಬಿಟ್ಟು, ಕಾರ್ಖಾನೆಯಲ್ಲಿ ಮಾಡಿ ಹೆಪ್ಪುಗಟ್ಟಿಸಿದ ವಡೆಗೆ ಹೋದ ಮೇಲೆ. ಎಣ್ಣೆಗೆ ಬಿಡಲು ಬಂದರೆ ಸಾಕು, ಭಟ್ರು ಬೇಡ. ಅದೇ ಕಲ್ಯಾಣಿನ ಖಿಡಕಿ ವಡಾ ಮನೆಯ ಕಿಟಕಿಯಿಂದ ಮಾರಿಯೇ ಹೆಸರಾಯಿತು. ಎರಡೂ ಯಶಸ್ಸೇ. ಯಾವುದು ನಿಮ್ಮ ಕೈಯದ್ದು ಎಂದು ಗೊತ್ತಿರಬೇಕು, ಅಷ್ಟೇ.

ಥಾಣೆಯ ಮಾಮಲೇದಾರ್ ಮಿಸಳ್ ಇನ್ನೂ ಹತ್ತಿರದ ಪಾಠ. ತಹಶೀಲ್ದಾರ್ ಕಚೇರಿಯ ಆವರಣದ ಸಣ್ಣ ಕ್ಯಾಂಟೀನ್, ನಡೆಸಿದ್ದು ಮುರ್ಡೇಶ್ವರ ಎಂಬ ಅಡ್ಡಹೆಸರಿನ ಮನೆತನ. ದಶಕಗಟ್ಟಲೆ ಒಂದೇ ಜಾಗ, ಒಂದೇ ಖಾರ. ಶಾಖೆಗಳು ಬಂದದ್ದು ಹೆಸರು ಪೂರ್ತಿ ಗಟ್ಟಿಯಾದ ಮೇಲೆ.

ಕಿರಾಣಿ ಲೋಕದಲ್ಲಿ ರಾಧಾಕಿಶನ್ ದಮಾನಿಯವರು ಡಿ-ಮಾರ್ಟ್ ಶುರು ಮಾಡುವ ಮುಂಚೆ ನವಿಮುಂಬಯಿಯ ನೆರೂಳಿನಲ್ಲಿ ಅಪ್ನಾ ಬಜಾರ್‌ನ ಫ್ರಾಂಚೈಸಿ ನಡೆಸಿ ನೋಡಿದರು. ಅದು ಮನಸ್ಸಿಗೆ ಬಾರದೆ 2002ರಲ್ಲಿ ಪೊವಾಯಿಯಲ್ಲಿ ಸ್ವಂತದ್ದು ತೆರೆದರು. ಆಮೇಲೂ ಆತುರಪಡಲಿಲ್ಲ, ಆದಷ್ಟು ಜಾಗವನ್ನು ಬಾಡಿಗೆಗೆ ಹಿಡಿಯದೆ ಕೊಂಡೇ ಬೆಳೆದರು. ಅದೇ ಕಾಲದಲ್ಲಿ ಚೆನ್ನೈಯ ಸುಭಿಕ್ಷಾ ಬಾಡಿಗೆ ಜಾಗ, ಸಾಲದ ದುಡ್ಡು ಹಿಡಿದು ಸುಮಾರು 1,600 ಅಂಗಡಿಗೆ ಓಡಿ 2009ರ ಹೊತ್ತಿಗೆ ಮುಚ್ಚಿತು. ಕೋಟಿಗಟ್ಟಲೆ ಇದ್ದ ದಮಾನಿಯವರೇ ಒಂದು ಅಂಗಡಿಯಲ್ಲಿ ಕೂತು ಕಲಿತರು ಎಂಬುದನ್ನು ನಾಲ್ಕು ಮೇಜಿನವನು ಗಮನಿಸಬೇಕು.

ಕೈಯಲ್ಲಿ ಮೀಸಲು ದುಡ್ಡು ಎಷ್ಟಿದೆ ಎಂಬುದನ್ನೂ ನೋಡಬೇಕು, ಅದು ಎಲ್ಲಿದೆ ಎಂಬುದನ್ನೂ. 2019ರ ಸೆಪ್ಟೆಂಬರಿನಲ್ಲಿ ಪಿಎಂಸಿ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಖಾತೆದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು ಬರೀ 1,000 ರೂಪಾಯಿ. ಆರು ತಿಂಗಳಲ್ಲಿ ಲಾಕ್‌ಡೌನ್ ಬಂತು. ಎರಡು ಅಂಗಡಿಯ ಬಾಡಿಗೆ, ಕಂತು, ಸಂಬಳವನ್ನು ಆರು ತಿಂಗಳು ಗಲ್ಲಾ ಮುಟ್ಟದೆ ಕೊಡುವ ಶಕ್ತಿ ಇಲ್ಲದವನು ಎರಡನೆಯದಕ್ಕೆ ಕೈ ಹಾಕಬಾರದು.

ನನ್ನನ್ನು ಕೇಳಿದರೆ ಸ್ಟೇಷನ್ ಪೇಟೆಯ ಬಹುಪಾಲು ಸಣ್ಣ ಹೋಟೆಲಿಗರು ಅಡ್ಡಕ್ಕೆ ಬೆಳೆಯುವ ಮೊದಲು ಆಳಕ್ಕೆ ಬೆಳೆಯಬೇಕು. ಮಧ್ಯಾಹ್ನ ಮೂರರಿಂದ ಆರು ಸುಮ್ಮನಿರುವ ಗ್ರೈಂಡರು, ಒಲೆ ನಿಮ್ಮ ಹತ್ತಿರ ಈಗಲೇ ಇದೆ. ಆ ಹೊತ್ತಿನಲ್ಲಿ ಹಿಟ್ಟು, ಚಟ್ನಿಪುಡಿ ಮಾಡಿ ಸಂಜೆ ಮನೆಗೆ ಮರಳುವವರಿಗೆ ಕಟ್ಟಿಕೊಡಬಹುದು. ಹತ್ತಿರದ ಕಚೇರಿಗಳ ಊಟ, ಸೊಸೈಟಿಗಳ ಸತ್ಯನಾರಾಯಣ ಪೂಜೆಯ ಉಪಾಹಾರ ಹಿಡಿಯಬಹುದು. ಇದಕ್ಕೆ ಡಿಪಾಸಿಟ್ ಬೇಡ. ಪಕ್ಕದ ಗಾಳೆಯೇ ಸಿಕ್ಕಿದರೆ ಮಾತು ಬೇರೆ. ಗೋಡೆ ಒಡೆದರೆ ಗಲ್ಲಾ ಒಂದೇ, ಭಟ್ರು ಒಬ್ಬರೇ, ಕಣ್ಣೂ ಅದೇ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಅದು ದೂರದ ಅಗ್ಗದ ಜಾಗಕ್ಕಿಂತ ಲೇಸು.

ದೂರದ್ದೇ ಬೇಕೆಂದು ಮನಸ್ಸು ಹಟ ಹಿಡಿದರೆ, ಏಜೆಂಟನಿಗೆ ಟೋಕನ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಊರಿನಲ್ಲಿ ನೇಮವೋ ಜಾತ್ರೆಯೋ ಇದ್ದೇ ಇರುತ್ತದೆ. ಅಂಗಡಿಯನ್ನು ಹುಡುಗರಿಗೆ ಒಪ್ಪಿಸಿ ಒಂದು ತಿಂಗಳು ಹೋಗಿ ಬನ್ನಿ, ಫೋನಿನಲ್ಲಿ ದಿನಕ್ಕೆ ಒಮ್ಮೆಗಿಂತ ಹೆಚ್ಚು ವಿಚಾರಿಸಬೇಡಿ. ಬಂದು ಗಲ್ಲಾ, ಸಾಮಾನಿನ ಬಿಲ್ಲು, ರೋಜಿನ ಗಿರಾಕಿಗಳ ಮುಖ ಮೂರನ್ನೂ ನೋಡಿ. ವ್ಯಾಪಾರ ನೂರಕ್ಕೆ ತೊಂಬತ್ತು ಉಳಿದಿದ್ದರೆ ಧೈರ್ಯವಾಗಿ ಜಾಗ ನೋಡಿ. ಎಪ್ಪತ್ತಕ್ಕೆ ಇಳಿದಿದ್ದರೆ ಏಜೆಂಟನಿಗೆ ಒಂದು ಕಾಫಿ ಕೊಟ್ಟು ಕಳಿಸಿ.